ಕಡಲ ಹುಳುವಿನ ನೆನಪು

ನೆನಪು ಹೇಗೆ ಉಳಿಯುತ್ತದೆಂದು ತಿಳಿಯಲು ನರವಿಜ್ಞಾನಿ ಎರಿಕ್ ಕ್ಯಾಂಡೆಲ್ ಆರಿಸಿಕೊಂಡದ್ದು ಅಪ್ಲೀಸಿಯಾ ಎಂಬ ಕಡಲ ಬಸವನಹುಳುವನ್ನು. ಬೇಡವೆಂದವರು ಹಲವರು. ಆದರೆ ಅದರಲ್ಲಿರುವುದು ಸುಮಾರು 20,000 ನರಕೋಶ ಮಾತ್ರ. ಕೆಲವಂತೂ ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಮುಟ್ಟಿದರೆ ಕಿವಿರನ್ನು ಒಳಗೆಳೆದುಕೊಳ್ಳುವ ಅದರ ಸರಳ ವರ್ತನೆಯಲ್ಲೇ, ಕಲಿಕೆಯು ನರಕೋಶಗಳ ನಡುವಿನ ಸಂಪರ್ಕವನ್ನು ಬದಲಿಸುತ್ತದೆಂದು ಕ್ಯಾಂಡೆಲ್ ತಂಡ ತೋರಿಸಿತು. 2000ದಲ್ಲಿ ನೊಬೆಲ್ ಬಂತು. ನಮಗೆ ಅಷ್ಟೇ ದೊಡ್ಡದಾಗಿ ಕಾಣುವುದು ಅದೇ ತಂಡದ 1974ರ ಕೆಲಸ: ನೀರಿನಲ್ಲಿ ತೇಲುವ ಅಪ್ಲೀಸಿಯಾದ ಸೂಕ್ಷ್ಮ ಮರಿಗೆ ಕೆಂಪು ಕಡಲಪಾಚಿ ಒದಗಿಸಿ, ಪ್ರಯೋಗಾಲಯದಲ್ಲೇ ರೂಪಾಂತರ ಮಾಡಿಸಿದ್ದು. ಅದರಿಂದ ನರವ್ಯೂಹ ಬೆಳೆಯುವ ಹಂತಗಳನ್ನೂ ಹಿಂಬಾಲಿಸಲು ಸಾಧ್ಯವಾಯಿತು. ಕೂಡಲೇ ಲಾಭ ಕಾಣದ ಇಂಥ ಸಂಶೋಧನೆಗೆ ನಮ್ಮ ಸರ್ಕಾರಗಳೂ ದಶಕಗಳ ಕಾಲ ಹಣ ಒದಗಿಸಬೇಕು.