ಮಂಜರಾಬಾದಿಗೆ ಎಂತಹ ಸ್ವಯಂಸೇವಕರು ಬೇಕು?

ಸಕಲೇಶಪುರದಿಂದ ಮಂಗಳೂರಿನ ಕಡೆಗೆ ಹೆದ್ದಾರಿಯಲ್ಲಿ ಸುಮಾರು ಆರು ಕಿಲೋಮೀಟರು ಸಾಗಿದರೆ, ದೋಣಿಗಾಲಿನ ಬಳಿಯ ಗುಡ್ಡದ ನೆತ್ತಿಯ ಮೇಲೆ ಮಂಜರಾಬಾದ್ ಕೋಟೆಯಿದೆ. ಟಿಪ್ಪು ಸುಲ್ತಾನನು ಕಟ್ಟಿಸಿದ ಈ ಕೋಟೆ 1792ರಲ್ಲಿ ಪೂರ್ಣಗೊಂಡಿತು. ಎಂಟು ಮೊನೆಗಳ ನಕ್ಷತ್ರಾಕಾರವೇ ಇದರ ಹಿರಿಮೆ. ಅದನ್ನು ನೋಡಲೆಂದೇ ಜನ ಬರುತ್ತಾರೆ. ಮೆಟ್ಟಿಲೇರಿ ಒಳಹೊಕ್ಕು ಅನೇಕರು ನಿರಾಶರಾಗುತ್ತಾರೆ. ಆಕಾಶದಿಂದ ತೆಗೆದ ಚಿತ್ರದಲ್ಲಿ ಹೊಳೆಯುವ ನಕ್ಷತ್ರವು ನೆಲದ ಮೇಲೆ ನಿಂತವನಿಗೆ ಕಾಣುವುದೇ ಇಲ್ಲ. ಅವನಿಗೆ ಕಾಣುವುದು ಗೋಡೆ, ಹುಲ್ಲು, ನಡುವೆ ಶಿಲುಬೆಯ ಆಕಾರದ ಕೊಳ, ಸುತ್ತಲೂ ಮಂಜು. ನಾಲ್ಕು ಛಾಯಾಚಿತ್ರ ತೆಗೆದುಕೊಂಡು, ಗೋಡೆಯ ಮೇಲೆ ಹೆಸರು ಕೆತ್ತಿ ಇಳಿದುಹೋಗುವವರೂ ಉಂಟು.

ಇಂತಹ ಸ್ಥಳಗಳಿಗೆ ಸ್ವಯಂಸೇವಕರೆಂದರೆ ಒಂದು ದಿನ ಪೊರಕೆ ಹಿಡಿದು ಕಸ ಗುಡಿಸುವವರು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕಸ ತೆಗೆಯುವುದು ಒಳ್ಳೆಯದೇ. ಆದರೆ ಕೋಟೆಗೆ ಅದಕ್ಕಿಂತ ಹೆಚ್ಚಾಗಿ ಬೇಕಾದುದು ಅದನ್ನು ಬಲ್ಲವರು ಮತ್ತು ಬಲ್ಲುದನ್ನು ಹೇಳಬಲ್ಲವರು ಎಂಬುದು ನಮ್ಮ ಅಭಿಪ್ರಾಯ.

ದೂರದ ಒಂದು ನಿದರ್ಶನವನ್ನು ನೋಡೋಣ. ಅಮೆರಿಕದ ವರ್ಜೀನಿಯ ಸಂಸ್ಥಾನದ ಅಲೆಕ್ಸಾಂಡ್ರಿಯ ನಗರದಲ್ಲಿ ಗ್ಯಾಡ್ಸ್‌ಬಿ ಟ್ಯಾವರ್ನ್ ಎಂಬ ಹಳೆಯ ತಂಗುಮನೆಯಿದೆ. ಟ್ಯಾವರ್ನ್ ಎಂದರೆ ದಾರಿಗರಿಗೆ ಊಟ, ಪಾನೀಯ, ಹಾಸಿಗೆ, ಊರ ಸುದ್ದಿ ಎಲ್ಲವೂ ದೊರೆಯುತ್ತಿದ್ದ ಮನೆ; ಮದ್ಯವನ್ನೂ ಬಾಡಿಗೆಯನ್ನೂ ಬಿಟ್ಟರೆ ನಮ್ಮ ಛತ್ರದ ನೆಂಟನೇ. ಅದರ ಎರಡು ಕಟ್ಟಡಗಳಲ್ಲಿ ದೊಡ್ಡದು ಕಟ್ಟಿದ್ದು ಮಂಜರಾಬಾದ್ ಮುಗಿದ 1792ರಲ್ಲಿಯೇ. ಜಾರ್ಜ್ ವಾಷಿಂಗ್ಟನ್ 1798 ಮತ್ತು 1799ರಲ್ಲಿ ಅಲ್ಲಿ ನಡೆದ ತನ್ನ ಹುಟ್ಟುಹಬ್ಬದ ಕೂಟಗಳಿಗೆ ಬಂದಿದ್ದನು. (1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಸೋತ ಕಾರ್ನ್‌ವಾಲಿಸನೇ 1792ರಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯವನ್ನು ಕಸಿದುಕೊಂಡವನು. ಇತಿಹಾಸದ ನೂಲು ಎಲ್ಲೆಲ್ಲಿ ಸುತ್ತುತ್ತದೆಂಬುದು ವಿಚಿತ್ರ.)

ಆ ತಂಗುಮನೆಯೂ ಹಾಳಾಗುವ ಸ್ಥಿತಿಗೆ ಬಂದಿತ್ತು. 1917ರಲ್ಲಿ ಅದರ ನೃತ್ಯಶಾಲೆಯ ಮರಗೆಲಸವನ್ನೇ ಕಳಚಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಮಾರಲಾಯಿತು. ಇಂದು ಅಲ್ಲಿರುವುದು ಅದರ ಪ್ರತಿಕೃತಿ. 1929ರಲ್ಲಿ ಮಾಜಿ ಸೈನಿಕರ ಸ್ಥಳೀಯ ಸಂಘವೊಂದು ಕಟ್ಟಡಗಳನ್ನು ಕೊಂಡು ಉಳಿಸಿತು. 1972ರಲ್ಲಿ ನಗರಕ್ಕೆ ಒಪ್ಪಿಸಿತು. 1976ರಲ್ಲಿ ಅವು ಜೀರ್ಣೋದ್ಧಾರಗೊಂಡು ತೆರೆದವು. ಈಗ ಅದು ವಸ್ತುಸಂಗ್ರಹಾಲಯ. ಅಲ್ಲಿ ಕೋಣೆಯಿಂದ ಕೋಣೆಗೆ ಕರೆದೊಯ್ದು ವಿವರಿಸುವ ಕೆಲಸದಲ್ಲಿ ತರಬೇತಿ ಪಡೆದ ಸ್ವಯಂಸೇವಕರಿದ್ದಾರೆ. ಶಾಲೆಯ ಮಕ್ಕಳನ್ನೂ ಇದಕ್ಕೆ ಸಿದ್ಧಗೊಳಿಸಿದ್ದಾರೆ. ಬರಿಯ ಕೋಣೆ ತಾನಾಗಿ ಮಾತನಾಡದು ಎಂಬುದನ್ನು ಅವರು ಅರಿತಿದ್ದಾರೆ.

ಮಂಜರಾಬಾದಿನಲ್ಲಿ ಹೇಳಬೇಕಾದ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಉರುಟು ಬುರುಜಿನ ಬುಡದಲ್ಲಿ, ಅಕ್ಕಪಕ್ಕದ ಬುರುಜುಗಳ ಗುಂಡು ತಲುಪದ ಸಣ್ಣದೊಂದು ಎಡೆ ಉಳಿದುಬಿಡುತ್ತದೆ. ಶತ್ರು ಅಲ್ಲಿಗೆ ನುಸುಳಿದರೆ ನಿಶ್ಚಿಂತೆಯಾಗಿ ಗೋಡೆಯನ್ನು ಕೊರೆಯಬಹುದು. ಬುರುಜನ್ನು ಮೊನೆಯಾಗಿಸಿದರೆ ಒಂದು ಮೊನೆಯ ಮುಖವನ್ನು ಪಕ್ಕದ ಮೊನೆಯವರು ಕಾಯಬಲ್ಲರು; ಕುರುಡು ಎಡೆ ಉಳಿಯದು. ಫ್ರಾನ್ಸಿನ ವೋಬಾನ್ (1633–1707) ಪರಿಪೂರ್ಣಗೊಳಿಸಿದ ದುರ್ಗಶಾಸ್ತ್ರವಿದು. ಹೈಸ್ಕೂಲಿನ ರೇಖಾಗಣಿತ ಬಲ್ಲ ಯಾವ ವಿದ್ಯಾರ್ಥಿಯೂ ಒಂದು ಹಾಳೆ, ಒಂದು ಪೆನ್ಸಿಲು ಹಿಡಿದು ಇದನ್ನು ಐದು ನಿಮಿಷದಲ್ಲಿ ವಿವರಿಸಬಲ್ಲನು. ಹಾಗೆ ವಿವರಿಸಿದಾಗ ಸಂದರ್ಶಕನಿಗೆ ಕಾಣದ ನಕ್ಷತ್ರ ಕಾಣತೊಡಗುತ್ತದೆ. ಕಂಡುದರ ಮೇಲೆ ಹೆಸರು ಕೆತ್ತಲು ಅವನ ಕೈ ಅಷ್ಟು ಸುಲಭವಾಗಿ ಏಳಲಾರದು.

ಸಂರಕ್ಷಣೆ ಸರಕಾರದ ಹೊಣೆಯಲ್ಲವೇ ಎಂದು ಕೇಳಬಹುದು. ದುರಸ್ತಿಯ ಮಟ್ಟಿಗೆ ಖಂಡಿತ ಹೌದು. ಅಷ್ಟೇ ಅಲ್ಲ, ಗೋಡೆಯನ್ನು ಸ್ವಯಂಸೇವಕರು ಮುಟ್ಟಲೇಬಾರದು ಎಂಬುದು ನಮ್ಮ ನಿಲುವು. ಇಲ್ಲಿನ ಗೋಡೆಗಳು ಕಲ್ಲು ಮತ್ತು ಸುಣ್ಣದ ಗಾರೆಯವು. ಸುಣ್ಣಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಮರಳಿನೊಡನೆ ಕಲಸಿದ ಗಾರೆಯು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿ ಮತ್ತೆ ಕಲ್ಲಾಗುತ್ತದೆ. ಅದು ಸೂಕ್ಷ್ಮರಂಧ್ರಗಳಿಂದ ಕೂಡಿದ್ದು. ಮಲೆನಾಡಿನ ಮಳೆಯಲ್ಲಿ ನೆನೆದ ಗೋಡೆ ಆ ರಂಧ್ರಗಳ ಮೂಲಕವೇ ಒಣಗುತ್ತದೆ. ಉತ್ಸಾಹಿಯೊಬ್ಬನು ಸಂದುಗಳಿಗೆ ಸಿಮೆಂಟು ಮೆತ್ತಿದರೆ ನೀರು ಒಳಗೇ ಸಿಕ್ಕಿಬೀಳುತ್ತದೆ. ಒಳಗಿನ ಸುಣ್ಣ ಕರಗುತ್ತದೆ. ಹೊರಗೆ ಭದ್ರವಾಗಿ ತೋರುವ ಗೋಡೆ ಒಳಗೆ ಟೊಳ್ಳಾಗುತ್ತದೆ. ಹಕ್ಕಿಗಳು ಬೀಜ ಬಿದ್ದಲ್ಲಿ ಚಿಗುರಿಸಿದ ಅರಳಿ, ಅತ್ತಿಯ ಗಿಡಗಳನ್ನು ಎಳೆದು ಕೀಳುವುದೂ ಅಪಾಯವೇ. ಬೇರು ಗಾರೆಯ ಸಂದಿನಲ್ಲಿ ಹೆಣೆದುಕೊಂಡಿರುತ್ತದೆ. ಬೇರಿನೊಡನೆ ಕಲ್ಲೂ ಬರುತ್ತದೆ. ಅದನ್ನು ಹೇಗೆ ಕತ್ತರಿಸಿ ಒಣಗಿಸಬೇಕೆಂಬುದು ಪರಿಣತರ ಕೆಲಸ.

ಹಾಗಾದರೆ ವಿದ್ಯಾರ್ಥಿಗಳಿಗೆ ಉಳಿದ ಕೆಲಸವೇನು? ವಿವರಿಸುವುದು ಒಂದು, ನೋಡಿ ಬರೆದಿಡುವುದು ಇನ್ನೊಂದು. ಸಕಲೇಶಪುರ, ಆಲೂರು ತಾಲ್ಲೂಕುಗಳ ಪ್ರತಿಯೊಂದು ಕಾಲೇಜಿನಿಂದ ಹತ್ತು ಮಂದಿ ಸಾಕು. ಪುರಾತತ್ತ್ವ ಇಲಾಖೆಯ ಅನುಮತಿ ಪಡೆದು, ಅಳತೆಪಟ್ಟಿ ಹಿಡಿದು, ಕೋಟೆಯ ನಕ್ಷೆಯನ್ನು ಅವರೇ ಬರೆಯಲಿ. ಬಾಗಿಲ ಬಳಿ ಬಂದವರಿಗೆ ಅದನ್ನೇ ತೋರಿಸಲಿ. ಬಿರುಕು ಕಂಡ ಪ್ರತಿಯೊಂದು ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ಪಕ್ಕದಲ್ಲಿ ಅಳತೆಗೋಲು ಹಿಡಿದು, ಅದೇ ಸ್ಥಳದಿಂದ ಅದೇ ದೂರದಲ್ಲಿ ವರ್ಷಕ್ಕೆರಡು ಬಾರಿ ಛಾಯಾಚಿತ್ರ ತೆಗೆಯಲಿ: ಮುಂಗಾರಿಗೆ ಮುನ್ನ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ. ಇದಕ್ಕೆ ಖರ್ಚು ಇಲ್ಲವೆಂದೇ ಹೇಳಬೇಕು. ಬೇಕಾದುದು ತಪ್ಪದೆ ಹೋಗುವ ಶಿಸ್ತು. ಐದು ಮಳೆಗಾಲಗಳ ಚಿತ್ರಗಳನ್ನು ಸಾಲಾಗಿ ಇಟ್ಟರೆ ಯಾವ ಮೊನೆ ಎಷ್ಟು ಬೇಗ ಸಡಿಲಾಗುತ್ತಿದೆ, ಯಾವುದನ್ನು ಮೊದಲು ದುರಸ್ತಿ ಮಾಡಬೇಕು ಎಂಬುದನ್ನು ಇಂಜಿನಿಯರರು ನಿರ್ಧರಿಸಲು ಅವು ಆಧಾರವಾಗುತ್ತವೆ. ಮೊದಲ ಚಿತ್ರವನ್ನು ಬರುವ ಮೇ ತಿಂಗಳಲ್ಲೇ ತೆಗೆಯಬಹುದು.