ತೇಪೆಯ ಖರ್ಚೂ ಹೊಸ ತೊಟ್ಟಿಯ ಖರ್ಚೂ

ಶೆಟ್ಟಿಹಳ್ಳಿಗೆ ಸಮೀಪದ ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಲ್ಲಿ ಆಮ್ಲದ ತೊಟ್ಟಿ ಬಿರುಕು ಬಿಡುವುದು ಹೊಸತೇನಲ್ಲ. ಹಾನಿಗೊಂಡ ಮೇಲ್ಮೈಯನ್ನು ಉಜ್ಜಿ, ಒಣಗಿಸಿ, ಫೈಬರ್‌ಗ್ಲಾಸ್ ಬಟ್ಟೆಯನ್ನು ಹಾರ್ಡನರ್ ಬೆರೆಸಿದ ರೆಸಿನ್‌ನಲ್ಲಿ ತೋಯಿಸಿ ಪದರಪದರವಾಗಿ ಹೊದಿಸಿದಲ್ಲಿ ತೊಟ್ಟಿಯು ಪುನಃ ಬಳಕೆಗೆ ಬರುತ್ತದೆ. (ತೇವ ಉಳಿದಲ್ಲಿ ತೇಪೆ ನಿಲ್ಲದು.) ಆದರೂ ಉದ್ಯಮಿಗಳು ಹೊಸ ತೊಟ್ಟಿಗೇ ಮುಂದಾಗುವುದು ನನಗೆ ಸರಿತೋರದು. ಇರುವ ಆಸ್ತಿಯನ್ನು ಕಾಪಾಡುವುದಷ್ಟೇ ಚಾಲ್ತಿ ದುರಸ್ತಿ, ಹೊಸ ರಿಂಗ್ ಫ್ರೇಮ್ ತರುವುದು ದುರಸ್ತಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ತೀರ್ಪಿತ್ತಿದೆ. ಅಂತೆಯೇ ತೇಪೆಯ ಖರ್ಚನ್ನು ಆ ವರ್ಷದ ಲಾಭದಿಂದಲೇ ಕಳೆಯಬಹುದು; ಹೊಸ ತೊಟ್ಟಿಗೆ ವರ್ಷವರ್ಷದ ಸವಕಳಿ ಮಾತ್ರ. ಆದರೆ ‘ಫೈಬರ್ ಕೆಲಸ’ ಎಂದಷ್ಟೇ ಬರೆದ ಬಿಲ್ಲು ತೆರಿಗೆ ಅಧಿಕಾರಿಯ ಮುಂದೆ ನಿಲ್ಲುವುದು ಕಷ್ಟ. ಯಾವ ತೊಟ್ಟಿ, ಎಲ್ಲಿ ಹಾನಿ, ಎಷ್ಟು ರೆಸಿನ್, ಎಷ್ಟು ಬಟ್ಟೆ ಎಂಬುದನ್ನು ಗುತ್ತಿಗೆದಾರರಿಂದ ಬಿಲ್ಲಿನಲ್ಲಿಯೇ ಬರೆಯಿಸಿಕೊಳ್ಳತಕ್ಕದ್ದು.