ಬೆನ್ನ ಮೇಲಣ ಬುತ್ತಿ

ಮಗನು ಪರಸ್ಥಳಕ್ಕೆ ಹೊರಟನೆಂದರೆ ತಾಯಿಯ ಕೈ ಸುಮ್ಮನಿರುವುದಿಲ್ಲ. ಚಕ್ಕುಲಿಯದೊಂದು ಡಬ್ಬಿ, ಉಂಡೆಯದೊಂದು ಡಬ್ಬಿ ಎಂದು ಗಂಟು ಬೆಳೆಯುತ್ತಲೇ ಹೋಗುವುದು. ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮನೆಯ ಬಾಲಚರನೊಬ್ಬನು ನ್ಯೂ ಮೆಕ್ಸಿಕೋ ರಾಜ್ಯದ ಫಿಲ್ಮಾಂಟ್ ಬೆಟ್ಟಗಳಿಗೆ ಹೊರಟಿರುವನೆನ್ನೋಣ. ಕಲ್ಲೆಣ್ಣೆಯ ವ್ಯಾಪಾರದಿಂದ ಧನಿಕನಾದ ವೇಟ್ ಫಿಲಿಪ್ಸ್ ಎಂಬವನು 1938ರಲ್ಲಿಯೂ 1941ರಲ್ಲಿಯೂ ಬಾಲಚರ ಸಂಸ್ಥೆಗೆ ದಾನವಾಗಿ ಕೊಟ್ಟ ಭೂಮಿಯದು. ದೊಡ್ಡ ವಯಸ್ಸಿನ ಬಾಲಚರರು ಅಲ್ಲಿ ವಾರಗಟ್ಟಲೆ ಹೊರೆ ಹೊತ್ತು ನಡೆಯುವರು. ಅಲ್ಲಿಯ ಬಾಲ್ಡಿ ಶಿಖರದ ಎತ್ತರ 12,441 ಅಡಿ.

ಅಂತಹ ದಾರಿಯಲ್ಲಿ ತಾಯಿಯ ಪ್ರೀತಿಗೂ ತೂಕವುಂಟು. ಹೊರೆಯು ಹೊರುವವನ ತೂಕದ ಕಾಲುಭಾಗವನ್ನು ಬಹಳ ಮೀರಬಾರದು. ಗುಡಾರ, ಪಾತ್ರೆ, ನೀರು, ಒಣ ಆಹಾರ ಎಲ್ಲವೂ ಇಷ್ಟರಲ್ಲಿಯೇ ಅಡಗಬೇಕು. ಅದಲ್ಲದೆ ಅದು ಕರಡಿಗಳಿರುವ ಕಾಡು. ತಿಂಡಿಯಿರಲಿ, ಸಾಬೂನಿರಲಿ, ವಾಸನೆಯುಳ್ಳ ಯಾವ ವಸ್ತುವನ್ನೂ ರಾತ್ರಿ ಗುಡಾರದಲ್ಲಿ ಇಡಕೂಡದು, ದೂರದಲ್ಲಿ ಭದ್ರಪಡಿಸಬೇಕು. ಅಕ್ಕರೆಯಿಂದ ಬಚ್ಚಿಟ್ಟ ಒಂದೇ ಉಂಡೆಯು ಮಲಗಿದವರೆಲ್ಲರಿಗೂ ಅಪಾಯವನ್ನು ತಂದೀತು.

ಹಿರಿಯರು ಜೊತೆಯಲ್ಲಿದ್ದರೂ ತಂಡದ ಮುಂದಾಳು ಮಕ್ಕಳಲ್ಲೊಬ್ಬನೇ. ನಕಾಶೆಯನ್ನು ನೋಡಿ ದಾರಿ ಹಿಡಿಯುವವರೂ ಅಡಿಗೆ ಮಾಡಿ ಪಾತ್ರೆ ತೊಳೆಯುವವರೂ ಅವರೇ. ಮನೆಯಲ್ಲಿ ಕುಡಿದ ಲೋಟವನ್ನು ಎತ್ತಿಡದ ಹುಡುಗನಿಗೆ ಇದು ಸಾಮಾನ್ಯ ಪಾಠವೆ?

ಆದಕಾರಣ ತಾಯಂದಿರೆ, ಹೊರಡುವುದಕ್ಕೆ ಕೆಲವು ವಾರ ಮೊದಲೇ ಹೊಸ ಬೂಟುಗಳನ್ನು ಮೆಟ್ಟಿಸಿ, ಹೊರೆ ಹೊರಿಸಿ, ದಿನವೂ ನಡೆಯಿಸಿರಿ. ಚೀಲವನ್ನು ಅವನೇ ಕಟ್ಟಿಕೊಳ್ಳಲಿ. ನೀವು ಬಳಿಯಲ್ಲಿ ಕುಳಿತು ನೋಡಿರಿ. ಉಂಡೆಗಳನ್ನು ಅವನು ಹಿಂದಿರುಗುವ ದಿನಕ್ಕೆ ಕಟ್ಟಿಡಿರಿ.